ಅಯ್ಯನವರ ಅಂಗಾಲು

ಮೈಸೂರು ರಾಜ್ಯ ಹೋಗಿ ಕರ್ನಾಟಕ ಬಂತು, ರೇವಣಸಿದ್ದಯ್ಯನವರ ಅಂಗಾಲು ಮಾತ್ರ ಹಾಗೇ ಉಳಿಯಿತು. ಗುಂಡಗುರ್ತಿಯ ಈ ಜಂಗಮರು ಸೋಮವಾರಕ್ಕೊಮ್ಮೆ ಚಿತ್ತಾಪುರದ ಶರಣಬಸಮ್ಮನ ಮನೆಗೆ ಪಾದಪೂಜೆಗೆ ಬರುತ್ತಿದ್ದರು. ಒಳ್ಳೆಯ ಮನುಷ್ಯ, ಮಾತು ಬೆಲ್ಲ. ಕಾಲು ಮಾತ್ರ ದೇವರಿಗೇ ಪ್ರೀತಿ. ಹಿಮ್ಮಡಿ ತುಂಬ ಹಳದಿ ಜಡ್ಡು, ಹೆಬ್ಬೆರಳ ಬುಡದಲ್ಲಿ ಅಡಿಕೆಯಂಥ ಆಣಿ, ಬಿರುಕಿನೊಳಗೆಲ್ಲ ಎರೆಮಣ್ಣು.

ನೀರು ಕಾಯುವ ತನಕ ಅವರು ಜೋಳಿಗೆಯಿಂದ ಬ್ಲೇಡು ತೆಗೆದು ಜಡ್ಡು ಹೆರೆಯುತ್ತ ಕೂರುವರು. ಚೂರುಗಳು ನೆಲದ ಫರಸಿಕಲ್ಲಿನ ಮೇಲೆ ಉದುರುವವು. ಅದೇ ಫರಸಿಯ ಮೇಲೆ ಸೊಸೆ ಮಹಾದೇವಮ್ಮ ಜೋಳ ಹಸನು ಮಾಡಬೇಕು. ಇರುವೆಗಳು ಆ ಚೂರುಗಳನ್ನು ಸಾಲಾಗಿ ಹೊತ್ತೊಯ್ಯುವುದನ್ನು ಕಂಡ ದಿನ ಅವಳಿಗೆ ರೊಟ್ಟಿ ಸೇರಲಿಲ್ಲ.

ಸಾಲದ್ದಕ್ಕೆ, ಪೂಜೆಯಾದ ಮೇಲೆ ಆ ಪಾದಕ್ಕೆರೆದ ನೀರನ್ನು ಮನೆಮಂದಿಯೆಲ್ಲ ತೀರ್ಥವೆಂದು ಕುಡಿಯಬೇಕು. ಒಂದು ಸೋಮವಾರ ಮಹಾದೇವಮ್ಮ ತಡೆಯಲಾಗದೆ ಹಿತ್ತಲಿಗೆ ಓಡಿ ವಾಂತಿ ಮಾಡಿಕೊಂಡಳು. ಸೊಸೆ ಬಸುರಿಯೆಂದು ಅತ್ತೆ ಶರಣಬಸಮ್ಮ ಓಣಿಗೆಲ್ಲ ಸಕ್ಕರೆ ಹಂಚಿದಳು. ವಾರ ಕಳೆಯುವುದರೊಳಗೆ ಅದು ಸುಳ್ಳೆಂದು ಗೊತ್ತಾಯಿತು.

"ಅಯ್ಯನೋರ ಕಾಲಿಗಿ ಹೇಸ್ಕೊಂಡಿಯೇನು? ಇನ್ನೊಮ್ಮಿ ಪಾದಪೂಜಿ ದಿನ ಕಾರ್ಕೊಂಡಿ ಅಂದ್ರ ಸೇಡಂ ಬಸ್ ಹತ್ತಸ್ತೀನಿ. ಮತ್ತ ಕರಕೊಂಡು ಬರಾಕ ಯಾರೂ ಬರಂಗಿಲ್ಲ" ಎಂದಳು ಅತ್ತೆ.

ಸೇಡಂನ ತವರಿನಲ್ಲಿ ಅವ್ವ ಇರಲಿಲ್ಲ, ಅತ್ತಿಗೆ ಇದ್ದಳು. ಹೊಟ್ಟೆಯನ್ನು ಬದಲಿಸಲಾಗದು, ಕಾಲನ್ನಾದರೂ ಬದಲಿಸೋಣ ಎಂದುಕೊಂಡಳು ಮಹಾದೇವಮ್ಮ.

ಮುಂದಿನ ಸೋಮವಾರ ಅವಳು ಬೋಗುಣಿಯಲ್ಲಿ ಉಗುರುಬೆಚ್ಚಗಿನ ನೀರು ಹಾಕಿ, ಉಪ್ಪು ಕದಡಿ, ಅಯ್ಯನವರ ಕಾಲು ಇಡಿಸಿದಳು.

"ಜರಾ ಹೊತ್ತು ನೆನೀಲಿ ಅಯ್ಯನೋರ. ಬ್ಲೇಡ್ ಹಚ್ಚಬ್ಯಾಡ್ರಿ, ಕೊಯ್ದಷ್ಟೂ ಗಟ್ಟಿ ಬರ್ತದ."

ನೀರು ಅಂಬಲಿಯ ಬಣ್ಣಕ್ಕೆ ತಿರುಗಿತು. ಮೇಲೆ ಏನೇನೋ ತೇಲಿತು. ಮೆತ್ತಗಾದ ಜಡ್ಡನ್ನು ಒರಟು ಕಲ್ಲಿನ ಚೂರಿನಿಂದ ಉಜ್ಜಿದರೆ ಬಿಳಿಯ ಲೋಳೆ ಬೆರಳಿಗೆ ಮೆತ್ತಿಕೊಂಡಿತು. ಥೂ, ಹೇಸಿಗೆಗೂ ಒಂದು ಮಿತಿ ಬೇಡವೇ. ಬಾಯಲ್ಲಿ ಉಸಿರಾಡುತ್ತ ಉಜ್ಜಿದಳು. ಆ ನೀರನ್ನು ತಿಪ್ಪೆಗೆ ಸುರಿದು, ಹೊಸ ನೀರಲ್ಲಿ ತೊಳೆದ ಮೇಲೆಯೇ ಪೂಜೆ. ತೀರ್ಥ ಗಂಟಲಲ್ಲಿ ಇಳಿಯಿತು. ಆಮೇಲೆ ಹಿಮ್ಮಡಿಗೆ ಕುಸುಬಿ ಎಣ್ಣೆ ತಿಕ್ಕಿದಳು. ಆಣಿಯ ಮೂಲವೂ ಸಿಕ್ಕಿತು. ಅವರ ಟೈರಿನ ಚಪ್ಪಲಿಯಲ್ಲಿ ಮೊಳೆಯೊಂದು ಮೇಲೆದ್ದಿತ್ತು. ಅದನ್ನು ಕಲ್ಲಿನಿಂದ ಬಡಿದು ಕೂಡಿಸಿದಳು.

ಅಯ್ಯನವರ ಕಣ್ಣು ಒದ್ದೆಯಾಗಿತ್ತು. "ಶರಣಬಸಮ್ಮ, ನನ್ನ ಹಡದವ್ವನೂ ಈ ಕಾಲು ಹಿಂಗ ಹಿಡಿದಿದ್ದಿಲ್ಲ. ನಿನ್ನ ಸೊಸಿ ಭಕ್ತಿ ಭಾಳ ದೊಡ್ಡದದ."

ಯುಗಾದಿಯ ಹೊತ್ತಿಗೆ ಅಂಗಾಲು ನೋಡುವಂತಾಯಿತು. ಅಷ್ಟರಲ್ಲಿ ಸೊಸೆಯ ಭಕ್ತಿಯನ್ನು ಅಯ್ಯನವರು ಹೋದಲ್ಲೆಲ್ಲ ಕೊಂಡಾಡಿದ್ದರು. ಒಂದು ಸೋಮವಾರ ಬಾಗಿಲು ತೆಗೆದರೆ ಅವರ ಹಿಂದೆ ವಾಡಿಯವರು, ಶಹಾಬಾದಿನವರು, ಚಿಂಚೋಳಿಯವರು. ಎಲ್ಲರೂ ಜಂಗಮರೇ, ಎಲ್ಲರೂ ಕುಂಟುತ್ತಿದ್ದರು.

ಚಿಂಚೋಳಿಯ ಅಯ್ಯನವರು ಮೊದಲು ಕೂತರು. ಆಣಿಗೆ ಎಂದೋ ಮೆತ್ತಿದ್ದ ಸುಣ್ಣಬೆಲ್ಲದ ಪಟ್ಟಿ ಕಪ್ಪಾಗಿ, ಕೂದಲು ಅಂಟಿಸಿಕೊಂಡು ಕೂತಿತ್ತು. "ಇದನ್ನೂ ನೋಡವ್ವ" ಎಂದು ಅದನ್ನು ಪರಕ್ಕನೆ ಕಿತ್ತು ಬೋಗುಣಿಗೆ ಹಾಕಿದರು. ಅದರ ಹಿಂದೆಯೇ ವಾಸನೆ ಎದ್ದಿತು.

ಮಹಾದೇವಮ್ಮ ಹಿತ್ತಲಿಗೆ ಓಡಿದಳು. ಕರುಳೇ ಕಿತ್ತು ಬರುವಂತೆ ಕಾರಿಕೊಂಡು ತಿರುಗಿದರೆ ಅತ್ತೆ ನಿಂತಿದ್ದಳು. ಮುಗಿಯಿತು, ಇನ್ನು ಸೇಡಂ ಬಸ್ಸೇ ಗತಿ ಎಂದುಕೊಂಡಳು.

"ಅಂಜಬ್ಯಾಡ" ಎಂದಳು ಶರಣಬಸಮ್ಮ, ಮುಖ ಅರಳಿಸಿ. "ಇಂಥ ಭಕ್ತಿ ಇದ್ದಾಕಿಗಿ ಕಾಲು ಹೇಸಿಗಿ ಆಗ್ತಾವೇನು? ಈ ಸಲ ಖರೇನೇ ಬಸುರು." ಒಳಗಿನಿಂದ ಸಕ್ಕರೆ ತಂದು ಸೊಸೆಯ ಬಾಯಿಗೆ ಹಾಕಿ, ಉಳಿದದ್ದನ್ನು ಹಂಚಲು ಓಣಿಗೆ ನಡೆದಳು.

ಸಕ್ಕರೆ ಕರಗುವ ತನಕ ಮಹಾದೇವಮ್ಮ ಅಲ್ಲೇ ನಿಂತಳು.

"ಎಲ್ಲಿ ಹೋದಿ ತಾಯಿ?" ಚಿಂಚೋಳಿಯ ಅಯ್ಯನವರು ಒಳಗಿನಿಂದ ಕರೆದರು. "ಇನ್ನೊಂದು ಕಾಲು ಉಳದದ."

ಅವಳು ಬಾಯಿ ಒರೆಸಿಕೊಂಡು ಒಳಗೆ ಹೋದಳು.