ನೆಂಟರ ಸೊಳ್ಳೆಪರದೆ

ದಾರ್ ಎಸ್ ಸಲಾಮ್ ಮುಗಿದು ತೆಂಗಿನ ತೋಟಗಳು ಶುರುವಾಗುವ ಕಡೆ ಕಿಬ್ವಾನಾ ಸಿಮೆಂಟ್ ಇಟ್ಟಿಗೆ ಹೊಯ್ಯುತ್ತಿದ್ದ. ಮರಳು ತೆಗೆದ ಗುಂಡಿಗಳಲ್ಲಿ ಮಳೆನೀರು ನಿಂತು ಸಂಜೆಯಾದರೆ ಸೊಳ್ಳೆಗಳ ಸಂತೆ. ಹೆಂಡತಿ ಜೈತೂನಿ ಬಾಗಿಲಲ್ಲಿ ತೆಂಗಿನ ಸಿಪ್ಪೆಯ ಹೊಗೆ ಹಾಕಿ, ಮನೆಗಿದ್ದ ಒಂದೇ ಪರದೆಯೊಳಗೆ ಇಬ್ಬರು ಮಕ್ಕಳನ್ನೂ ತುರುಕುತ್ತಿದ್ದಳು. ನೆಂಟರು ಬಂದರೆ ಮಾತ್ರ ಆ ಪರದೆ ಬಿಚ್ಚಿ ಅವರ ಮಂಚಕ್ಕೆ ಕಟ್ಟಬೇಕು. ಹಾಗೆಂದು ಯಾವ ಗ್ರಂಥದಲ್ಲೂ ಬರೆದಿಲ್ಲ. ಕಿಬ್ವಾನಾನ ತಾಯಿ ಕಟ್ಟುತ್ತಿದ್ದಳು, ಕೇರಿಯವರೂ ಕಟ್ಟುತ್ತಾರೆ. ಕಟ್ಟದವರ ಹೆಸರು ಮರುದಿನ ನಲ್ಲಿಯ ಮುಂದೆ ಕೊಡಗಳಿಗಿಂತ ಮೊದಲೇ ಸಾಲಿನಲ್ಲಿ ನಿಂತಿರುತ್ತದೆ.

ಮಳೆಗಾಲದಲ್ಲಿ ಹಳ್ಳಿಯಿಂದ ದೊಡ್ಡಪ್ಪ ಪಾಜಿ ಬಂದರು. "ನೆಂಟ ಎರಡೇ ದಿನ, ಮೂರನೇ ದಿನ ಕೈಗೆ ಗುದ್ದಲಿ ಕೊಡು ಅಂತಾರೆ. ನಂಗೂ ಒಂದು ಕೊಡಪ್ಪ!" ಎಂದು ನಕ್ಕರು. ಉಳಿದದ್ದು ಒಂದು ತಿಂಗಳು.

ಮೊದಲ ಸಂಜೆ ಕಿಬ್ವಾನಾ ಪರದೆ ಬಿಚ್ಚಹೋದಾಗ ಜೈತೂನಿ ಗಂಟು ಹಿಡಿದುಕೊಂಡಳು.

"ಮಕ್ಳು ಕಣ್ರೀ."

"ದೊಡ್ಡಪ್ಪ ಕಣೇ! ಊರಿಗೆ ಹೋಗಿ ಏನಂತಾರೆ?"

"ನಂಗ್ಯಾಕಮ್ಮ ಪರದೆ?" ಎಂದರು ಪಾಜಿ ಜಗಲಿಯಿಂದ. "ಈ ಮೂಳೆ ಕಚ್ಚಿದ್ರೆ ಸೊಳ್ಳೇದೇ ಹಲ್ಲು ಮುರೀತದೆ."

"ಹಾಗಿದ್ರೆ ಮಕ್ಳಿಗೇ ಇರ್ಲಿ ಬಿಡಿ, ದೊಡ್ಡಪ್ಪ."

ಪಾಜಿಯ ನಗು ನಿಂತಿತು. "ಇರ್ಲಿ ತಾಯಿ. ಪಟ್ಟಣದ ಮರ್ಯಾದೆ ನಮಗೇನು ಗೊತ್ತು."

ಕಿಬ್ವಾನಾನ ಕಿವಿ ಬಿಸಿಯಾಯಿತು. ಬೇಡವೆನ್ನುವುದು ನೆಂಟರ ಧರ್ಮ, ಬಲವಂತ ಮಾಡುವುದು ಮನೆಯವರ ಧರ್ಮ. ಪರದೆ ಮಂಚವೇರಿತು.

ಮೂರನೆಯ ವಾರ ನಾಲ್ಕು ವರ್ಷದ ಮಗಳು ಚೌಸಿಕುಗೆ ಜ್ವರ ಬಂತು. "ಮಳೇಲಿ ಆಡಿದ್ದು, ಬೇವಿನ ಕಷಾಯ ಕುಡಿಸಿ" ಎಂದರು ದೊಡ್ಡಪ್ಪ. ಕುಡಿಸಿದರು. ಮರುದಿನ ಹುಡುಗಿಯ ಕೈಕಾಲು ಸೆಟೆದುಕೊಂಡಾಗ ಆಸ್ಪತ್ರೆಗೆ ಓಡಿದರು.

"ಮಲೇರಿಯಾ. ಮನೇಲಿ ಪರದೆ ಇಲ್ವಾ?" ನರ್ಸ್ ಕೇಳಿದಳು.

"ಇದೆ."

"ಮತ್ತೆ ಮಗು ಎಲ್ಲಿ ಮಲಗ್ತಿತ್ತು?"

ಕಿಬ್ವಾನಾ ಬೆರಳಿಗಂಟಿದ ಸಿಮೆಂಟು ಕೆರೆಯುತ್ತ ನಿಂತ. ಜೈತೂನಿಯೂ ಹೇಳಲಿಲ್ಲ, ಹೇಳಿ ಬೈದಿದ್ದರೆ ಅವನಿಗೆ ಎಷ್ಟೋ ಹಗುರಾಗುತ್ತಿತ್ತು. ಮಗು ಉಳಿಯಲಿಲ್ಲ.

ಮಣ್ಣು ಮಾಡಿ ಬಂದ ಸಂಜೆ ಮನೆತುಂಬ ನೆಂಟರು. "ದುಃಖ ಇದ್ದದ್ದೇ ಕಣಪ್ಪ," ಎಂದಳು ಸೋದರತ್ತೆ, "ಸೊಳ್ಳೆ ಶುರುವಾಯ್ತು. ಹಿರಿಯರಿಗೆ ಪರದೆ ಇಳಿಬಿಡು."

ಕಿಬ್ವಾನಾ ಎದ್ದು ಪಾಜಿಯ ಮಂಚದಿಂದ ಪರದೆ ಬಿಚ್ಚಿದ. ನೆಲದ ಮೇಲೆ ಮಲಗಿದ್ದ ಪುಟ್ಟ ಮಗನ ಮೇಲೆ ಅದನ್ನು ಕಟ್ಟತೊಡಗಿದ.

"ಅಯ್ಯೋ, ದೊಡ್ಡವರು ಹೊರಗೆ, ಚಿಳ್ಳೆ ಒಳಗೆ! ನಾಚಿಕೆ ಆಗಲ್ವೇನೋ?"

ಪಾಜಿ ತಲೆಯೆತ್ತಲಿಲ್ಲ.

"ಆಗ್ತಿದೆ ಅತ್ತೆ," ಎಂದ ಕಿಬ್ವಾನಾ, ಮಂಡಿಯೂರಿ ಪರದೆಯ ಅಂಚನ್ನು ಚಾಪೆಯಡಿ ಒತ್ತುತ್ತ. "ತುಂಬಾ ಆಗ್ತಿದೆ."