ಕೆಂಪು ದಾರದ ಬೀಗದಕೈ

ಅಕ್ಕ ಬೀರುವಿನ ಬಾಗಿಲನ್ನು ಮೊಣಕೈಯಿಂದ ಒತ್ತಿ ಹಿಡಿದು, ಬೀಗವನ್ನು ಎರಡು ಸುತ್ತು ತಿರುಗಿಸಿ, ಸರಿಯಾಗಿ ಬಿದ್ದಿದೆಯೇ ಎಂದು ಹಿಡಿ ಜಗ್ಗಿ ನೋಡಿದಳು. ಬಿದ್ದಿತ್ತು. ತಮ್ಮನೇ ಹಾಕಿಕೊಟ್ಟ ಬೀಗ, ಬೀಳದೆ ಏನು. ಬೀಗದಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ನಡುಮನೆಗೆ ಬಂದಾಗ ಆ ತಮ್ಮ ಬಿಳಿ ಬಟ್ಟೆ ಹೊದ್ದು ಮಲಗಿದ್ದ. ಅವಳು ಕಂಡಂತೆ ಇದೇ ಮೊದಲ ಸಲ, ಗೊರಕೆ ಇಲ್ಲದೆ.

ನಿನ್ನೆ ಮಧ್ಯಾಹ್ನ ಇದೇ ಮನೆಯಲ್ಲಿ ಊಟ ಮಾಡಿ ಒರಗಿದವನು ಮತ್ತೆ ಏಳಲಿಲ್ಲ. ಹೃದಯ ನಿಂತಿದೆ ಎಂದರು ಆಸ್ಪತ್ರೆಯವರು. ಅವನ ಹೆಂಡತಿ ನಮ್ಮ ಮನೆಗೇ ಒಯ್ಯುತ್ತೇನೆ ಎಂದಳು. ಅಕ್ಕ ಬಿಟ್ಟಾಳೆಯೇ? "ಹುಟ್ಟಿ ಬೆಳೆದ ಮನೆ ಇದು. ಎರಡು ರೂಮಿನ ಬಾಡಿಗೆ ಮನೆಯಿಂದ ಅವನನ್ನ ಕಳಿಸೋಕೆ ನಾನಿನ್ನೂ ಸತ್ತಿಲ್ಲ" ಎಂದು ಎಲ್ಲರೆದುರು ಅಂದುಬಿಟ್ಟಳು. ಹಾಗಾಗಿ ಹೆಂಡತಿಯಾದವಳು ಗಂಡನ ತಲೆಯ ಪಕ್ಕ, ಕರೆಯದೆ ಬಂದವಳ ಹಾಗೆ, ಕುರ್ಚಿಯ ತುದಿಯಲ್ಲಿ ಕೂತಿದ್ದಳು. ಮೂರು ಗಂಟೆಗೆ ಎತ್ತುವುದಿತ್ತು.

ಬಂದವರಿಗೆಲ್ಲ ಅಕ್ಕ ಬೆಳಗಿನಿಂದ ಒಂದೇ ಕತೆ ಹೇಳುತ್ತಿದ್ದಳು. ಈಗ ಪಕ್ಕದ ಮನೆಯವಳ ಸರದಿ.

"ಮಲಗುವಾಗ ಮೂಗಿಗೆ ಕಟ್ಕೊಳ್ಳೋ ಮಿಷಿನ್ ಒಂದು ಕೊಟ್ಟಿದ್ರಂತೆ, ಗಾಳಿ ಊದೋದು. ಅದಿಲ್ದೆ ಕಣ್ಣು ಮುಚ್ಚಬಾರದು ಅಂತ ಡಾಕ್ಟರೇ ಹೇಳಿದ್ದಾರೆ. ಎರಡು ದಿನ ಇದ್ದು ಬಾಗಿಲುಗಳ ಬೀಗ ಎಲ್ಲ ಸರಿಮಾಡಿಕೊಡ್ತೀನಿ ಅಂತ ಬಂದ, ಪಾಪ. ಅದನ್ನ ಜೊತೇಲಿ ಕೊಟ್ಟು ಕಳಿಸಬೇಕು ಅನ್ನೋ ಜ್ಞಾನ ಬೇಡ್ವಾ ಕಟ್ಕೊಂಡೋಳಿಗೆ?"

"ಅತ್ತಿಗೆ, ಚೀಲಕ್ಕೆ ನಾನೇ ಹಾಕಿದ್ದೆ" ಎಂದಳು ತಮ್ಮನ ಹೆಂಡತಿ, ತಲೆ ಎತ್ತದೆ.

"ಹಾಕಿದ್ರೆ ಇರಬೇಕಿತ್ತಲ್ಲಮ್ಮ. ಅದಕ್ಕೇನು ಕಾಲು ಬಂತಾ?"

ಪಕ್ಕದ ಮನೆಯವಳು ಲೊಚಗುಟ್ಟಿದಳು. ತಮ್ಮನ ಹೆಂಡತಿ ಗಂಡನ ಹೊದಿಕೆಯ ಅಂಚು ಸರಿಪಡಿಸಿದಳು. ಅವಳು ಎದುರಾಡದಿದ್ದರೆ ಅಕ್ಕನಿಗೆ ಇನ್ನೂ ಉರಿಯುತ್ತಿತ್ತು, ಮೊದಲಿನಿಂದಲೂ ಹಾಗೆಯೇ.

*

ಮೂರು ವರ್ಷದ ಹಿಂದೆ ಅವನು ಈ ಬೀರುವಿಗೆ ಬೀಗ ಕೂರಿಸಲು ಬಂದಿದ್ದ. ಹತ್ತು ನಿಮಿಷದ ಕೆಲಸ. ಸ್ಕ್ರೂಡ್ರೈವರ್ ಹಿಡಿದು ಕುಕ್ಕರಗಾಲಲ್ಲಿ ಕೂತವನು ಹಾಗೇ ತೂಕಡಿಸಿ, ಹಣೆಯನ್ನು ಬೀರುವಿಗೆ ಬಡಿದುಕೊಂಡ. ಅಕ್ಕ ಹೊಟ್ಟೆ ಹಿಡಿದುಕೊಂಡು ನಕ್ಕಳು. ಅವನ ಬೀಗದಂಗಡಿಯಲ್ಲೂ ಇದೇ ಅವತಾರ. ಬೀಗದಕೈ ಮಾಡಿಸಲು ಬಂದವರು ಮೇಜು ಬಡಿದು ಎಬ್ಬಿಸಬೇಕು. ಬೀದಿಯಲ್ಲಿ ಅವನಿಗೆ ಗೊರಕೆರಾಯ ಎಂದೇ ಹೆಸರು.

"ತಿನ್ನೋದು, ಮಲಗೋದು. ಸಕ್ಕರೆ ಕಾಯಿಲೆ ಬರದೆ ಇನ್ನೇನು ಬರುತ್ತೆ? ಅವಳು ಬಡಿಸ್ತಾಳೆ, ನೀನು ಬಾರಿಸ್ತೀಯ" ಎಂದಳು ಅಕ್ಕ.

"ಮಲಗಿದ್ರೂ ನಿದ್ದೆ ಆಗಲ್ಲ ಕಣಕ್ಕ. ಬೆಳಿಗ್ಗೆ ಎದ್ರೆ ರಾತ್ರಿಯೆಲ್ಲಾ ಮೂಟೆ ಹೊತ್ತ ಹಾಗಿರುತ್ತೆ."

"ಗೋಡೆ ಅದುರೋ ಹಾಗೆ ಗೊರಕೆ ಹೊಡಿತೀಯ, ನಿದ್ದೆ ಆಗಲ್ವಂತೆ."

ಅವನು ನಕ್ಕು, ಅವಳ ಹೊಲಿಗೆ ಡಬ್ಬಿಯಿಂದ ಒಂದು ಗೇಣು ಕೆಂಪು ದಾರ ಕಿತ್ತುಕೊಂಡ.

"ಅದ್ಯಾಕೋ?"

"ಗುರುತಿಗೆ" ಎಂದು ಜೇಬಿಗೆ ಹಾಕಿಕೊಂಡ. ಅಕ್ಕ ಅದನ್ನು ಅಂದೇ ಮರೆತಳು.

*

ಎರಡೂವರೆ ಹೊತ್ತಿಗೆ ಕ್ಲಿನಿಕ್ಕಿನ ನರ್ಸ್ ಬಂದಳು. ಕೈಮುಗಿದು, ತಮ್ಮನ ಹೆಂಡತಿಯ ಪಕ್ಕ ಕೂತಳು. ಅಕ್ಕ ಅವಳನ್ನೂ ಬಿಡಲಿಲ್ಲ.

"ನೋಡಿ, ನಿಮ್ಮ ಡಾಕ್ಟರು ಅಷ್ಟು ವರ್ಷ ಸಕ್ಕರೆ ಮಾತ್ರೆ ಕೊಟ್ಟಿದ್ದೇ ಬಂತು. ಮನೇಲಿ ಅಡುಗೆ ಮಾಡೋರಿಗೆ ಅಂಕೆ ಬೇಡ್ವಾ?"

"ಅಡುಗೆ ಒಂದೇ ಅಲ್ಲಮ್ಮ" ಎಂದಳು ನರ್ಸ್, ತಾಳ್ಮೆಯಿಂದ. "ನಿದ್ದೇಲಿ ಅವರಿಗೆ ಗಂಟೆಗೆ ಮೂವತ್ತು ನಲವತ್ತು ಸಲ ಉಸಿರು ಕಟ್ತಿತ್ತು. ಪ್ರತಿ ಸಲ ಮೈಯೆಲ್ಲ ಗಾಬರಿ ಬೀಳುತ್ತೆ. ಆ ಗಾಬರಿಗೆ ರಕ್ತದಲ್ಲಿ ಸಕ್ಕರೆ ಏರುತ್ತೆ, ಬಿಪಿ ಏರುತ್ತೆ. ನಿದ್ದೆ ಕೆಟ್ಟೋರಿಗೆ ಹಸಿವೂ ಜಾಸ್ತಿ, ಆಮೇಲೆ ತೂಕ. ತೂಕ ಏರಿದ ಹಾಗೆ ಗಂಟಲು ಇನ್ನೂ ಮುಚ್ಚುತ್ತೆ. ಇವರು ಬಂದು, ಮಧ್ಯೆ ಮಧ್ಯೆ ಗೊರಕೆ ನಿಂತುಹೋಗುತ್ತೆ, ಆಗ ತಿವಿದು ಎಬ್ಬಿಸ್ತೀನಿ ಅಂದಮೇಲೇ ನಮಗೆ ಹೊಳೆದಿದ್ದು."

ತಿವಿದು ಎಬ್ಬಿಸುತ್ತಿದ್ದಳಂತೆ. ಹದಿನೆಂಟು ವರ್ಷ. ಗಂಡನನ್ನು ನೆಮ್ಮದಿಯಾಗಿ ಮಲಗಲೂ ಬಿಡುವುದಿಲ್ಲ ಎಂದು ಅಕ್ಕ ಊರೆಲ್ಲ ಹೇಳಿಕೊಂಡು ತಿರುಗಿದ್ದು ಇದನ್ನೇ.

"ಎಂಟು ತಿಂಗಳಿಂದ ಮಿಷಿನ್ ತಪ್ಪಿಸಿರಲಿಲ್ಲ" ಎಂದಳು ನರ್ಸ್. "ನಿದ್ದೆ ಸಿಕ್ಕಿದ ಮೇಲೆ ನಡೆಯೋಕೆ ತ್ರಾಣ ಬಂತು. ಒಂಬತ್ತು ಕೆಜಿ ಇಳಿದ್ರು. ಹೋದ ತಿಂಗಳು ಒಂದು ಮಾತ್ರೆ ಕಮ್ಮಿ ಮಾಡಿದ್ವಿ, ಮಗು ಥರ ಕುಣಿದಾಡಿದ್ರು."

"ಅಂಥದ್ದನ್ನ ಬಿಟ್ಟು ಕಳಿಸಿದಳಲ್ಲ."

ನರ್ಸ್ ಇಬ್ಬರ ಮುಖವನ್ನೂ ನೋಡಿದಳು. "ಒಂದು ಹೊತ್ತು ಹಾಕ್ಕೊಳ್ಳದ್ದಕ್ಕೇ ಹೀಗಾಯ್ತು ಅಂತ ಯಾರೂ ಹೇಳೋಕಾಗಲ್ಲಮ್ಮ. ಹೃದಯ ಮೊದಲೇ ಸೋತಿತ್ತು. ಯಾರ ಮೇಲೂ ತಪ್ಪು ಹೊರಿಸಬೇಡಿ."

ಆ ಮಾತನ್ನು ಹಿಡಿದುಕೊಂಡು ಅಕ್ಕ ತನ್ನ ಕತೆಯಿಂದ ಈಚೆ ಬರಬಹುದಿತ್ತು. ಬಾಗಿಲು ತೆರೆದೇ ಇತ್ತು. ಆದರೆ ಬೆಳಗಿನಿಂದ ನಲವತ್ತು ಜನಕ್ಕೆ ಹೇಳಿಯಾಗಿತ್ತು.

"ನಾನು ಯಾರ ಮೇಲೂ ಹೊರಿಸ್ತಿಲ್ಲ. ಅವನು ತಂದಿರಲಿಲ್ಲ, ಅಷ್ಟೇ."

*

ತಂದಿದ್ದ. ನಿನ್ನೆ ಊಟವಾದ ಮೇಲೆ ಮಂಚದ ಮೇಲೆ ಕೂತು ಚೀಲದಿಂದ ಆ ಡಬ್ಬಿ, ಕೊಳವೆ, ಮುಖಕ್ಕೆ ಕಟ್ಟುವ ಪಟ್ಟಿ ಎಲ್ಲ ಹೊರಗಿಟ್ಟ. ಅಕ್ಕನಿಗೆ ಮೈ ಉರಿಯಿತು. ತಾನು ಎತ್ತಿ ಆಡಿಸಿದ ಹುಡುಗ, ತನ್ನ ಮನೆಯಲ್ಲಿ, ಆ ಹೆಂಗಸು ಕಟ್ಟಿಕೊಟ್ಟ ಮೂಗುದಾರ ಹಾಕಿಕೊಂಡು ಮಲಗುವುದೇ?

"ಅರ್ಧ ಗಂಟೆ ಒರಗೋಕೆ ಇದೆಲ್ಲ ಏನೋ? ಇಲ್ಲೂ ಅವಳದೇ ಆಳ್ವಿಕೇನಾ?"

"ಅವಳದಲ್ಲ ಕಣಕ್ಕ, ಡಾಕ್ಟರದು."

"ನನ್ನ ಮನೇಲಿ ನಾನೇ ಡಾಕ್ಟರು." ಎಲ್ಲ ಬಾಚಿಕೊಂಡು ಹೋಗಿ ಬೀರುವಿಗೆ ತುಂಬಿ ಬೀಗ ಹಾಕಿದಳು. "ಎದ್ದ ಮೇಲೆ ಇಸ್ಕೋ."

ಅವನು ಜಗಳಕ್ಕೆ ಬರಲಿಲ್ಲ. ಊರಿನ ಯಾವ ಬೀಗವನ್ನಾದರೂ ಒಂದು ತಂತಿಯಲ್ಲಿ ತೆಗೆಯುವವನು, ಬೀರುವನ್ನು ಒಮ್ಮೆ, ಅವಳನ್ನು ಒಮ್ಮೆ ನೋಡಿದ. ಜೇಬಿನಲ್ಲಿ ಕೈಯಿಟ್ಟು ಏನನ್ನೋ ಗಲಗಲ ಎನ್ನಿಸುತ್ತಾ ಸ್ವಲ್ಪ ಹೊತ್ತು ಕೂತಿದ್ದ.

"ಆಯ್ತು ಮಾರಾಯ್ತಿ, ನಿನ್ನ ಮಾತೇ ಆಗಲಿ" ಎಂದು ನಕ್ಕು, ಗೋಡೆಯ ಕಡೆ ಹೊರಳಿ ಮಲಗಿದ.

ಗೊರಕೆ ಶುರುವಾಯಿತು. ಅಕ್ಕ ಪಾತ್ರೆ ತೊಳೆಯುತ್ತ ಕೇಳಿಸಿಕೊಂಡಳು. ನಿಂತಾಗ, ಸದ್ಯ ಈಗ ಒಳ್ಳೆಯ ನಿದ್ದೆ ಹತ್ತಿತು ಎಂದುಕೊಂಡಳು.

*

"ಎತ್ತೋಣವೇನಮ್ಮ?" ಎಂದ ಗಾಡಿಯವನು ಬಾಗಿಲಲ್ಲಿ ನಿಂತು.

"ಒಂದು ನಿಮಿಷ" ಎಂದಳು ತಮ್ಮನ ಹೆಂಡತಿ. "ಅತ್ತಿಗೆ, ಆಸ್ಪತ್ರೆಯವರು ಕೊಟ್ಟ ಕವರ್ ಎಲ್ಲಿ?"

ಗೂಡಿನಲ್ಲಿತ್ತು. ಅಕ್ಕ ಕೊಡದೆ ವಿಧಿಯಿರಲಿಲ್ಲ. ಕನ್ನಡಕ, ಗಡಿಯಾರ, ಬೀಗದಕೈಗಳ ದೊಡ್ಡ ಗೊಂಚಲು. ಅವಳು ಗೊಂಚಲನ್ನು ಮಡಿಲಲ್ಲಿ ಹರಡಿಕೊಂಡು ಒಂದೊಂದಾಗಿ ಸರಿಸತೊಡಗಿದಳು.

"ಅಂಗಡೀದು. ನಮ್ಮ ಮನೇದು" ಎಂದು ತನ್ನಷ್ಟಕ್ಕೆ ಹೇಳಿಕೊಳ್ಳುತ್ತಿದ್ದಳು. ಒಂದು ಚಿಕ್ಕ ಬೀಗದಕೈ ಬಂದಾಗ ಕೈ ನಿಂತಿತು. ಅದರ ಕತ್ತಿಗೆ ಕೆಂಪು ದಾರ ಒತ್ತಾಗಿ ಸುತ್ತಿತ್ತು. "ಇದು ನಿಮ್ಮ ಬೀರುವಿನದು. ಅಕ್ಕ ಮರೆಗುಳಿ, ಕಳ್ಕೊಂಡ್ರೆ ಇರಲಿ ಅಂತ ಇಟ್ಕೊಂಡಿದ್ರು."

ಅಕ್ಕನ ಕೈ ಸೊಂಟಕ್ಕೆ ಹೋಯಿತು. ಅವಳದು ಅಲ್ಲೇ ಇತ್ತು.

"ಆ ಬೀರು ಬೇಡ. ಅದರಲ್ಲಿ ನನ್ನ ಸೀರೆಗಳಿವೆ" ಎಂದಳು.

ತಮ್ಮನ ಹೆಂಡತಿ ಆಗಲೇ ಎದ್ದು ಒಳಗೆ ನಡೆದಿದ್ದಳು. ಹಿಂದೆ ನರ್ಸ್, ಪಕ್ಕದ ಮನೆಯವಳು, ಬಾಗಿಲಲ್ಲಿ ನಿಂತವರೆಲ್ಲ. ಬೀಗ ಎರಡು ಸುತ್ತು ಸಲೀಸಾಗಿ ತಿರುಗಿತು. ತುರುಕಿಟ್ಟಿದ್ದ ಕೊಳವೆ ಸೀರೆಗಳ ಮಧ್ಯದಿಂದ ಜಾರಿ, ಮುಖದ ಪಟ್ಟಿಯ ಸಮೇತ ಅಕ್ಕನ ಕಾಲ ಬಳಿ ಬಿತ್ತು. ಬೀರುವಿನ ಬಾಗಿಲಲ್ಲಿ ಬೀಗದಕೈ ಇನ್ನೂ ಅಲ್ಲಾಡುತ್ತಿತ್ತು, ಕೆಂಪು ದಾರದ ತುದಿ ನೇತಾಡುತ್ತಿತ್ತು. ನಿನ್ನೆ ಅವನ ಜೇಬಿನಲ್ಲಿ ಗಲಗಲ ಎಂದ ಗೊಂಚಲಿನಲ್ಲಿ ಇದೂ ಇತ್ತು. ಆ ದಾರ ಒಂದಿಷ್ಟೂ ಸವೆದಿರಲಿಲ್ಲ.