ಗಿರಿಜವ್ವನಿಗೆ ರಿಲೀವರ್ ಸಿಕ್ಕಿದ್ದು

ಗಂಡ ಬಾಬಾಸಾಹೇಬನಿಗೆ ನಲವತ್ತೈದು ದಿನದ ರಜೆ ಮಂಜೂರಾಗಿದೆ ಎಂದು ತಿಳಿದ ದಿನ, ದೇವರಿಗೆ ತಾನು ಏನು ಕಡಿಮೆ ಮಾಡಿದ್ದೆ ಎಂದು ಗಿರಿಜವ್ವ ಯೋಚಿಸುತ್ತ ಕುಳಿತಳು.

ಅವಳ ಗಂಡ ನದಿಯಾಚೆಯ ಸಕ್ಕರೆ ಕಾರ್ಖಾನೆಯಲ್ಲಿ ಚೀಫ್ ಕೆಮಿಸ್ಟ್. ಕಬ್ಬು ನುರಿಸುವ ಆರು ತಿಂಗಳು ಅವನಿಗೆ ಹೊತ್ತು ಹುಟ್ಟಿದ್ದೂ ಗೊತ್ತಿಲ್ಲ, ಮುಳುಗಿದ್ದೂ ಗೊತ್ತಿಲ್ಲ. ಅದು ಮುಗಿದರೆ ಯಂತ್ರಗಳ ದುರಸ್ತಿ. ಆ ಹುದ್ದೆಗೇರಿದ ಹನ್ನೊಂದು ವರ್ಷದಲ್ಲಿ ಮನೆಯಲ್ಲಿ ಒಟ್ಟಿಗೆ ನಾಲ್ಕು ದಿನ ಇದ್ದವನಲ್ಲ. ಎಂಬತ್ತೊಂಬತ್ತರ ಬೇಸಿಗೆಯಲ್ಲಿ ಹೊಸದಾಗಿ ಬಂದ ಮ್ಯಾನೇಜರ್ ಅವನ ಮುಖ ನೋಡಿ ಗಾಬರಿಯಾಗಿ, "ಮೊದಲು ಮನೆಗೆ ಹೋಗಿ ಮಲಗ್ರಿ" ಅಂದನಂತೆ.

ಕಾಗವಾಡದ ಹತ್ತಿರದ ಆ ಹಳ್ಳಿಯವರಿಗೆಲ್ಲ ಇದು ಸಿಹಿ ಸುದ್ದಿ. ಗಿರಿಜವ್ವನಿಗೆ ಮಾತ್ರ ಕಹಿ. ಮೇ ತಿಂಗಳೆಂದರೆ ಅವಳ ತಿಂಗಳು. ಮದುವೆಯಾದ ಹದಿನಾಲ್ಕು ವರ್ಷದಿಂದ ಆ ತಿಂಗಳಲ್ಲಿ ಕೊಕಟನೂರಿನ ತವರಿಗೆ ಹೋಗುತ್ತಿದ್ದಳು. ಅಕ್ಕ ಲಕ್ಷ್ಮಿಬಾಯಿಯೂ ನಿಪ್ಪಾಣಿಯಿಂದ ಬರುತ್ತಿದ್ದಳು. ಅಲ್ಲಿ ಇಬ್ಬರೂ ಮಾಡುತ್ತಿದ್ದ ಘನಂದಾರಿ ಕೆಲಸವೆಂದರೆ ಏನೂ ಮಾಡದಿರುವುದು. ತಾಯಿ ಮುಂದೆ ತಂದಿಟ್ಟ ತಾಟಿನಲ್ಲಿ ಉಂಡು, ಅದರಲ್ಲೇ ಕೈ ತೊಳೆದು, ಬೇವಿನ ನೆರಳಿಗೆ ಉರುಳಿಕೊಂಡು ತಂತಮ್ಮ ಗಂಡಂದಿರನ್ನು ಬೈಯುವುದು. ಮೇ ಕೊನೆಗೆ ರೋಹಿಣಿ ಮಳೆ ಕೂಡುವ ಹೊತ್ತಿಗೆ ಬಿತ್ತನೆಯ ನೆಪದಲ್ಲಿ ಇಬ್ಬರಿಗೂ ಕರೆ ಬರುತ್ತಿತ್ತು. ಮತ್ತೆ ಒಂದು ವರ್ಷ ಬಾಯಿ ಮುಚ್ಚಿಕೊಂಡಿರಬೇಕು.

ಈ ಸಲ ಮಕ್ಕಳು ಆಗಲೇ ಸೋದರಮಾವ ಭೀಮಸಿಯ ಜೊತೆ ಹೋಗಿದ್ದವು. ಗಿರಿಜವ್ವ ಸೋಮವಾರ ಹೊರಡುವವಳು. ಶನಿವಾರ ಗಂಡ ಕಾರ್ಖಾನೆಯ ಕ್ವಾರ್ಟರ್ಸಿನಿಂದ ಟ್ರಂಕು ಸಮೇತ ಬಂದಿಳಿದ.

"ಹನ್ನೊಂದ ವರ್ಷಕ್ಕ ಒಮ್ಮೆ ಸೂಟಿ ಸಿಕ್ಕೈತಿ. ನೀ ತವರಿಗೆ ಹೊಂಟ್ರ ನನಗ ಕೂಳ ಯಾರ ಹಾಕವ್ರ?" ಅಂದ.

"ಅತ್ತಿ ಅದಾರಲ್ರಿ."

ಹೊರಸಿನ ಮೇಲೆ ಕೂತಿದ್ದ ಅತ್ತೆ ಅಕ್ಕವ್ವ ಅಲ್ಲಿಂದಲೇ ಹೇಳಿದಳು: "ಇವನ್ನ ಹೊತ್ತ ಹೊತ್ತನ ನನ್ನ ಮೊಣಕಾಲ ಹೋಗ್ಯಾವು. ನನ್ನ ಹೆಸರ ತಗೀಬ್ಯಾಡ್ರಿ."

ಸೋಮವಾರ ಬಂತು, ಹೋಯಿತು.

ಎರಡು ದಿನ ಬಾಬಾಸಾಹೇಬ ಹೆಣದಂತೆ ಮಲಗಿದ. ಮೂರನೆಯ ದಿನ ಎದ್ದವನೇ ತಪಾಸಣೆ ಮಾಡಲು ಏನಾದರೂ ಸಿಕ್ಕೀತೇ ಎಂದು ಮನೆಯೆಲ್ಲ ಹುಡುಕಿದ. ಚಹಾದ ಬಸಿಯನ್ನು ಬೆಳಕಿಗೆ ಹಿಡಿದು, "ನಿನ್ನಿನ ಚಹಾಕ್ಕೂ ಇವತ್ತಿಂದಕ್ಕೂ ತಾಳಮೇಳ ಇಲ್ಲ" ಅಂದ. ಸ್ನಾನದ ನೀರಿಗೆ ಥರ್ಮಾಮೀಟರು ಅದ್ದಿದ. ಮಜ್ಜಿಗೆ ಮೂಸಿ ತಲೆಯಾಡಿಸಿದ. ಕೈಗಡಿಯಾರ ಹಿಡಿದು, ಎಮ್ಮೆ ಹಿಂಡಲು ಎಷ್ಟು ನಿಮಿಷ ಹಿಡಿಯುತ್ತದೆ ಎಂದು ನೋಡಲು ನಿಂತ. ಎಮ್ಮೆ ಚರಿಗೆಗೆ ಒಂದು ಒದೆ ಕೊಟ್ಟಿತು.

"ಲೇ ಬಾಬ್ಯಾ," ಅಂದಳು ಅಕ್ಕವ್ವ, "ಅದು ನಿಮ್ಮ ಕಾರ್ಖಾನಿ ಲೇಬರ್ ಅಲ್ಲ. ಅದಕ್ಕ ಯೂನಿಯನ್ ಗೊತ್ತಿಲ್ಲ, ಒದಿಯೂದಷ್ಟ ಗೊತ್ತೈತಿ."

ಐದನೆಯ ದಿನ ಗಿರಿಜವ್ವ ರೊಟ್ಟಿ ಬಡಿಯುತ್ತಿದ್ದಾಗ ಕೊಟ್ಟಿಗೆಯಲ್ಲಿ ಎಮ್ಮೆ ಹಗ್ಗ ಕಿತ್ತುಕೊಂಡಿತು. ಅವಳು ಅತ್ತ ಓಡಿದಳು, ಇತ್ತ ಹಂಚಿನ ಮೇಲಿನ ರೊಟ್ಟಿ ಸೀದು ಕರಿಯಾಯಿತು. ಬಾಬಾಸಾಹೇಬ ಸಿಡಿದೆದ್ದ.

"ನಡಿಯೋ ಮಶೀನ್ ಬಿಟ್ಟ ಹ್ವಾದಿ! ನಮ್ಮಲ್ಲಿ ಆಗಿದ್ರ ಮೆಮೋ ಕೈಯಾಗ ಕೊಡ್ತಿದ್ವಿ. ರಿಲೀವರ್ ಬರೂತನಕ ಜಾಗಾ ಬಿಡಬಾರದು!"

"ರಿಲೀವರ್ ಅಂದ್ರ ಏನ್ರಿ?"

ಹೆಂಡತಿ ತನ್ನ ಕೆಲಸದ ಬಗ್ಗೆ ಕೇಳಿದ ಮೊದಲ ಪ್ರಶ್ನೆ ಅದು. ಅವನ ಮುಖ ಅರಳಿತು. ಒಬ್ಬನ ಡ್ಯೂಟಿ ಮುಗಿಯುವ ಹೊತ್ತಿಗೆ ಇನ್ನೊಬ್ಬ ಬರುತ್ತಾನೆ, ರಜಿಸ್ಟರ್ ಓದಿ ಸಹಿ ಹಾಕುತ್ತಾನೆ, ಆಮೇಲೆಯೇ ಮೊದಲಿನವನು ಮನೆಗೆ ಹೋಗಬೇಕು ಎಂದು ವಿವರಿಸಿದ. "ಸಹಿ ಬಿತ್ತಂದ್ರ ಮುಗೀತು. ಆಮ್ಯಾಲ ಬಾಯ್ಲರ್ ಸಿಡದ್ರೂ ಬಂದಾವಂದ ಜವಾಬ್ದಾರಿ."

"ಅಂವ ಬರಲಿಲ್ಲಂದ್ರ?"

"ಇದ್ದಾವನ ಡಬಲ್ ಡ್ಯೂಟಿ ಮಾಡಬೇಕು."

"ಹಂಗಾರ ನಂದ ಎಷ್ಟ ಡ್ಯೂಟಿ ಆತ್ರಿ?"

ಹಾಗೆ ಕೇಳುವಾಗ ತನ್ನ ಮನಸ್ಸಿನಲ್ಲಿ ಏನೂ ಇರಲಿಲ್ಲ ಎಂದು ಗಿರಿಜವ್ವ ಆಮೇಲೆ ಅಕ್ಕನ ಮುಂದೆ ಆಣೆ ಮಾಡಿ ಹೇಳಿದಳು. ಅಕ್ಕ ನಂಬಲಿಲ್ಲ.

ಬಾಬಾಸಾಹೇಬ ಪೆನ್ಸಿಲ್ ತೆಗೆದುಕೊಂಡ. ಬರೆಯುತ್ತ ಹೋದಂತೆ ಅವನ ಹುಬ್ಬು ಗಂಟಾಯಿತು. ಮೂರೂ ಶಿಫ್ಟಿಗೆ ಒಂದೇ ಹೆಸರು. ವಾರದ ಸೂಟಿ ಇಲ್ಲ. ಹದಿನಾಲ್ಕು ವರ್ಷ ಗಂಡನಾಗಿ ಇದನ್ನು ನೋಡುತ್ತ ಬಂದವನಿಗೆ ಏನೂ ಅನಿಸಿರಲಿಲ್ಲ. ಚೀಫ್ ಕೆಮಿಸ್ಟನಾಗಿ ಐದು ನಿಮಿಷ ನೋಡುವುದೂ ಆಗಲಿಲ್ಲ.

"ಇದು ಕಾಯ್ದೇಕ್ಕ ವಿರುದ್ಧ ಐತಿ! ಇನ್‌ಸ್ಪೆಕ್ಟರ್ ಬಂದ್ರ ನಮ್ಮನ್ನ ಒಳಗ ಹಾಕ್ತಾನ!"

"ಅಡಗಿಮನೀಗೆ ಯಾವ ಇನ್‌ಸ್ಪೆಕ್ಟರ್ ಬರ್ತಾನಲೇ?" ಅಂದಳು ಅಕ್ಕವ್ವ. "ಬಂದ್ರೂ ಉಂಡ ಹೋಗ್ತಾನ."

ಅಂದೇ ಸಂಜೆ ಹಳೆಯ ಕ್ಯಾಲೆಂಡರಿನ ಬೆನ್ನಿಗೆ ಶಿಫ್ಟಿನ ಪಟ್ಟಿ ಬರೆದು, ಅನ್ನದ ಅಗುಳಿನಿಂದ ಗೋಡೆಗೆ ಅಂಟಿಸಿದ. ಗಿರಿಜವ್ವನಿಗೆ ರಿಲೀವರ್ ಯಾರು ಎಂಬ ಪ್ರಶ್ನೆ ಬಂತು. ಅಕ್ಕವ್ವ ಮೊಣಕಾಲು ತೋರಿಸಿದಳು. ಬಾಬಾಸಾಹೇಬ ಆ ಜಾಗದಲ್ಲಿ ತನ್ನ ಹೆಸರನ್ನು ತಾನೇ, ದುಂಡಗೆ ಬರೆದ.

ಆ ಹೆಸರು ನೋಡಿದಾಗ ಗಿರಿಜವ್ವನಿಗೆ ಏನೋ ಹೊಳೆಯಿತು. ರೋಹಿಣಿಗೆ ಇನ್ನು ಹದಿನೈದೇ ದಿನ. ಎರಡು ಸೀರೆ ಮಡಚಿ ಚೀಲಕ್ಕೆ ಹಾಕಿ ಬಾಗಿಲ ಹಿಂದೆ ಇಟ್ಟಳು.

ಮರುದಿನ ಬೆಳಿಗ್ಗೆ ಎಂಟಕ್ಕೆ ಶಿಫ್ಟು ಬದಲಾಯಿತು.

"ಹಾಲ ಒಲಿ ಮ್ಯಾಲ ಐತ್ರಿ. ಎಮ್ಮಿಗೆ ಹಿಂಡಿ ನೆನಿ ಇಟ್ಟೇನಿ. ಮಾಳಿಗಿ ಮ್ಯಾಲ ಸಂಡಗಿ ಒಣಾ ಹಾಕೇನಿ, ಕಾಗಿ ನೋಡ್ಕೋಬೇಕು. ಮಧ್ಯಾಹ್ನಕ್ಕ ಅತ್ತೀ ಮೊಣಕಾಲಿಗೆ ಎಣ್ಣಿ."

ಅವಳು ಹೇಳಿದ್ದನ್ನೆಲ್ಲ ಅವನು ಖುಷಿಯಿಂದ ಬರೆದುಕೊಂಡ. "ನನ್ನ ಕೈಕೆಳಗಿನ ಬಿ.ಎಸ್ಸಿ. ಹುಡುಗ್ರೂ ಇಷ್ಟ ಚಂದ ಚಾರ್ಜ್ ಕೊಡೂದಿಲ್ಲ" ಅಂದು, ಕೆಳಗೆ ಸರ್ರನೆ ಸಹಿ ಎಳೆದ.

ಗಿರಿಜವ್ವ ಬಾಗಿಲ ಹಿಂದಿನಿಂದ ಚೀಲ ತೆಗೆದುಕೊಂಡಳು.

"ಇದೇನ?"

"ಡ್ಯೂಟಿ ಮುಗೀತಲ್ರಿ. ಕೊಕಟನೂರಿಗೆ ಹೊಂಟೇನಿ."

"ನಾಳಿ ಮುಂಜಾನೆ ಮತ್ತ ನಿಂದ ಶಿಫ್ಟ್ ಐತಿ!"

"ಹದಿನಾಕ ವರ್ಷದ ವಾರದ ಸೂಟಿ ಉಳದಾವ್ರಿ. ನೀವ ಬರದ ತೋರಿಸೀರಿ."

ಅವನು ಅವಳ ಹಿಂದೆ ಅಂಗಳಕ್ಕೆ ಒಂದು ಕಾಲು ಇಟ್ಟ. ಒಳಗೆ ಹಾಲು ಸುಯ್ಯೆಂದಿತು. ಒಂದು ಕಾಲು ಒಳಗೆ, ಒಂದು ಹೊರಗೆ ಇಟ್ಟುಕೊಂಡು ಅವನು ನಿಂತದ್ದನ್ನು ನೋಡಿದರೆ ಶತ್ರುವಿಗೂ ಅಯ್ಯೋ ಅನಿಸಬೇಕು.

"ಸಹಿ ಮಾಡೀದಿ, ಒಳಗ ನಡೀಲೇ!" ಎಂದು ಅಕ್ಕವ್ವ ಮಗನನ್ನು ಗದರಿ, ಸೊಸೆಯತ್ತ ತಿರುಗಿ, "ಬಸ್ಸ ತಪ್ಪೀತು, ಓಡ ಬೇ ಗಿರಿಜಾ!" ಅಂದಳು.

ಕೊಕಟನೂರಿನಲ್ಲಿ ಐದು ದಿನ ಸ್ವರ್ಗ. ಆರನೆಯ ದಿನ ಅಂಚೆಯವನು ಒಂದು ಇನ್‌ಲ್ಯಾಂಡ್ ಪತ್ರ ಕೊಟ್ಟು ಹೋದ. ಲಕ್ಷ್ಮಿಬಾಯಿ ಅದನ್ನು ಗಟ್ಟಿಯಾಗಿ ಓದಿದಳು: "ಸತತ ಹನ್ನೆರಡು ಶಿಫ್ಟ್ ಮಾಡಿರುತ್ತೇನೆ. ರಿಲೀವರ್ ಬಂದಿರುವುದಿಲ್ಲ. ಅರ್ಧ ಸಂಡಿಗೆ ಕಾಗೆಗಳ ಪಾಲಾಗಿದೆ. ಎಮ್ಮೆ ಸಹಕರಿಸುತ್ತಿಲ್ಲ. ಕೂಡಲೇ ಹೊರಟು ಬರಬೇಕು."

ಎಲ್ಲರೂ ಬಿದ್ದು ಬಿದ್ದು ನಕ್ಕರು. ಗಿರಿಜವ್ವನೂ ನಕ್ಕಳು. ಆದರೆ ನಗುನಗುತ್ತಲೇ ಹಗ್ಗದ ಮೇಲೆ ಒಣಗಿದ್ದ ಸೀರೆ ಎಳೆದು ಮಡಚತೊಡಗಿದಳು. ಹದಿನಾಲ್ಕು ವರ್ಷದ ಅಭ್ಯಾಸ, ಕೈ ಅವಳ ಮಾತು ಕೇಳುತ್ತಿರಲಿಲ್ಲ.

ಲಕ್ಷ್ಮಿಬಾಯಿ ಸೀರೆ ಕಸಿದುಕೊಂಡಳು. "ಹೊಸದಾಗಿ ನೌಕರಿ ಹಿಡದಾಗ ನಿನ್ನ ಗಂಡ ಇಲ್ಲಿಗೆ ಬಂದು ಸೂಟಿ ಹೆಂಗ ಬೆಳಸ್ತಿದ್ದ? ಅಥಣಿಗೆ ಹೋಗಿ ಕಾರ್ಖಾನಿಗೆ ತಾರ ಬಡೀತಿದ್ದಿಲ್ಲೇನ, 'ತಾಯಿ ಸೀರಿಯಸ್' ಅಂತ? ನಿಮ್ಮತ್ತೀನ ಮೂರ ಸಲ ಸಾಯೂ ಹಂತಕ್ಕ ಒಯ್ದಾನಂವ. ನೀನೂ ಯವ್ವಾ ಸೀರಿಯಸ್ ಅಂತ ಹಾಕು."

ಮಾವಿನಹಣ್ಣು ಚೀಪುತ್ತಿದ್ದ ತಾಯಿ ಸತ್ತೆವ್ವ ಗೊರಟೆ ಹೊರಗೆ ತೆಗೆದಳು. "ನಾ ಒಲ್ಲೆವಾ. ಎಲ್ಲವ್ವನ ಗುಡಿ ಎದುರಿಗೇ ಕುಂತ ಸುಳ್ಳ ಸುಳ್ಳ ಸಾಯಾಕ ನನ್ನಿಂದ ಆಗೂದುಲ್ಲ. ಲಕ್ಷ್ಮೀನ ಹಾಕ್ರಿ."

"ನನಗೂ ಬ್ಯಾಡ. ಭೀಮಸೀನ ಹಾಕೂಣು."

ಭೀಮಸಿ ಹೊರಗೆ ಎದ್ದು ಹೋದ.

ಮರುದಿನ ಗಿರಿಜವ್ವ ಒಬ್ಬಳೇ ಅಥಣಿಯ ಬಸ್ಸು ಹತ್ತಿದಳು. ಅಂಚೆ ಕಚೇರಿಯ ಗುಮಾಸ್ತ ಟೆಲಿಗ್ರಾಂ ಫಾರ್ಮು ಎಳೆದುಕೊಂಡು, ಅಭ್ಯಾಸದಂತೆ ಮುಖ ಸಣ್ಣದು ಮಾಡಿ ಕೇಳಿದ: "ಯಾರಿಗ ಏನ ಆಗೈತ್ರಿ, ಅವ್ವಾರ?"

"ಯಾರಿಗೂ ಏನೂ ಆಗಿಲ್ರಿ. ಎಲ್ಲಾರೂ ಆರಾಮ ಅದೇವಿ, ರೋಹಿಣಿತನಕ ಸೂಟಿ ಬೆಳಸೇನಿ ಅಂತ ಹಾಕ್ರಿ."

ಗುಮಾಸ್ತನ ಪೆನ್ನು ನಿಂತಿತು. "ಇಷ್ಟ ವರ್ಷದಾಗ ಹಿಂತಾ ತಾರ ನಾ ಕಳಸಿಲ್ರಿ. ಆರಾಮ ಅದೇವಿ ಅಂದ್ರ ಸೂಟಿ ಯಾರ ಕೊಡ್ತಾರ? ನಂಬೂದುಲ್ಲ ಅವರು."

"ನಂಬೂದ ಬ್ಯಾಡ್ರಿ," ಅಂದಳು ಗಿರಿಜವ್ವ, "ಮುಟ್ಟಿದ್ರ ಸಾಕು."